ಕಿಟಕಿಯ ಕೊಂಡಿಯಲ್ಲಿ ಬಳೆಗಳು

ಅವರ ಎರಡೂ ಮಣಿಕಟ್ಟಿನ ಮೇಲೆ ಬಳೆಗಳು ಉಳಿಸಿಹೋದ ಒಂದು ತೆಳು ಪಟ್ಟಿ ಇತ್ತು, ಉಳಿದ ಕೈಗಿಂತ ಕೊಂಚ ಬೆಳ್ಳಗೆ. ಕಂಪ್ಯೂಟರಿನ ಬೋರ್ಡ್ ಮುಟ್ಟುವ ಮುಂಚೆ ಅಂಗೈಯನ್ನು ಕಿರಿದು ಮಾಡಿ ಬಳೆಗಳನ್ನು ಒಂದೊಂದಾಗಿ ಇಳಿಸಿ, ಕಿಟಕಿಯ ಕಬ್ಬಿಣದ ಕೊಂಡಿಗೆ ಸಿಕ್ಕಿಸುತ್ತಿದ್ದರು. ಸಿಕ್ಕಿಸಿದ ಮೇಲೂ ಬೆರಳುಗಳು ಆ ಕೊಂಡಿಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇರುತ್ತಿದ್ದವು. ಮೊದಲ ಸಲ ನೋಡಿದಾಗ ಏನೋ ಪ್ರಾರ್ಥನೆ ಇರಬೇಕು ಎಂದು ನಾನೂ ಸುಮ್ಮನೆ ಕೈಮುಗಿದು ಕೂತಿದ್ದೆ. ಮೈಯಲ್ಲಿ ಕೂಡಿಕೊಂಡ ಸಣ್ಣ ಕರೆಂಟು ಕಬ್ಬಿಣಕ್ಕೆ ಇಳಿದುಹೋಗಲಿ, ಬೋರ್ಡಿಗೆ ತಾಗದಿರಲಿ ಎಂದು ಹಾಗೆ ಹಿಡಿಯುತ್ತಾರೆ ಎನ್ನುವುದು ಆಮೇಲೆ ತಿಳಿಯಿತು. ನಾನು ಕೈಮುಗಿದದ್ದನ್ನು ಅವರು ನೋಡಿದ್ದರು. ಆದರೆ ಏನೂ ಅನ್ನಲಿಲ್ಲ. ಅದು ಅವರ ಸ್ವಭಾವವಲ್ಲ, ಆ ದಿನ ಯಾಕೋ ನನ್ನನ್ನು ಬಿಟ್ಟರು.

ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು. ಅವರ ಮನೆಮಾತಿನಲ್ಲಿ ಅಕ್ಕ ಎಂದು ಅರ್ಥ. ಬೆಳಗಾವಿಯ ಹಳೇ ಊರಿನ ಒಂದು ಗಲ್ಲಿಯಲ್ಲಿ ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರ ಅರ್ಧ ಭಾಗ ಅವರ ಗಂಡನ ಹೊಲಿಗೆ ಮಷೀನಿನದು, ಉಳಿದರ್ಧ ಆಪಾ ಅವರ ಮದರ್‌ಬೋರ್ಡುಗಳದು. ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಒಳಗೆ ಅಗಲಕ್ಕೆ ಮಲಗಿರುತ್ತದಲ್ಲ, ಉಳಿದ ಭಾಗಗಳೆಲ್ಲ ಬಂದು ಕೂರುವ ಹಲಗೆ, ಅದರ ವ್ಯಾಪಾರ, ಅದರದೇ ರಿಪೇರಿ. ಬೇರೆ ಏನನ್ನೂ ಮಾರುತ್ತಿರಲಿಲ್ಲ. ಪ್ರತಿ ಬೋರ್ಡಿಗೂ ಗಂಡ ಒಂದು ಹತ್ತಿಬಟ್ಟೆಯ ಚೀಲ ಹೊಲಿದುಕೊಟ್ಟಿದ್ದರು. ಕುಪ್ಪಸಕ್ಕೆ ತಂದು ಮಿಕ್ಕ ಲೈನಿಂಗ್ ಬಟ್ಟೆಯ ಚೀಲಗಳು. ಗುಲಾಬಿ, ತಿಳಿಹಳದಿ, ಕಡುನೀಲಿ. ಗೋಡೆಯ ತುಂಬ ಅವು ಸಾಲಾಗಿ ತೂಗುತ್ತಿದ್ದವು.

ಯಾರಾದರೂ ಬಂದು "ಆಪಾ, ಯಾವ ಬೋರ್ಡ್ ಚೊಲೊ?" ಎಂದು ಕೇಳಿದರೆ ಅವರ ಉತ್ತರ ಒಂದೇ: "ಯಾರಿಗೆ?"

ಅಲ್ಲಿಂದ ವಿಚಾರಣೆ ಶುರುವಾಗುತ್ತಿತ್ತು. ಹಳೆಯ ಪ್ರೊಸೆಸರ್ ಯಾವುದು, ಅದರ ಸಾಕೆಟ್ ಎಂಥದು. ಮೆಮೊರಿ ಪಟ್ಟಿಯ ಕೆಳಗಿನ ಕಚ್ಚು ನಡುವೆ ಇದೆಯೋ ಬದಿಗಿದೆಯೋ. ಪವರ್ ಸಪ್ಲೈಯಿಂದ ಬರುವ ದೊಡ್ಡ ಪ್ಲಗ್ಗಿನ ಜೊತೆಗೆ ಸಣ್ಣದೊಂದು ಇದೆಯೋ ಇಲ್ಲವೋ. ಡಬ್ಬಿ ಎಷ್ಟು ಅಗಲ, ಸ್ಕ್ರೂ ತೂತುಗಳು ಎಲ್ಲೆಲ್ಲಿವೆ. ಕೊನೆಗೆ ಬೇರೆ ಅಂಗಡಿಗಳಲ್ಲಿ ಯಾರೂ ಕೇಳದ ಪ್ರಶ್ನೆ: "ಹಿಂದ ಏನೇನ ಜೋತಬಿದ್ದಾವ?" ಅಂದರೆ ಕಂಪ್ಯೂಟರಿನ ಬೆನ್ನಿಗೆ ಯಾವ್ಯಾವ ವಾಯರು ಸಿಕ್ಕಿಸಿಕೊಂಡಿದ್ದೀರಿ ಎಂದು. ಗೊತ್ತಿಲ್ಲ ಎಂದವರನ್ನು ಹೊಳ್ಳಿ ಮನೆಗೆ ಕಳಿಸುತ್ತಿದ್ದರು. "ಸೋಯರಿಕಿ ಮಾಡಾಕ ಬಂದೀರಿ, ನಿಮ್ಮ ಮನ್ಯಾಗ ಯಾರ ಯಾರ ಇದ್ದಾರ ನಿಮಗಽ ಗೊತ್ತಿಲ್ಲ. ನಾ ಹೆಣ್ಣ ಹೆಂಗ ಕೊಡ್ಲಿ?"

ಹಿಂಡಲಗಾ ಕಡೆಯ ಗೃಹಸ್ಥರೊಬ್ಬರು ಒಮ್ಮೆ ನಾನು ಅಲ್ಲಿದ್ದಾಗಲೇ ಬಂದರು. ಮೊಬೈಲಿನಲ್ಲಿ ನೋಡಿ ಹೊಸ ಬೋರ್ಡು ತರಿಸಿದ್ದರು. ಪ್ರೊಸೆಸರ್ ಮಾತ್ರ ಹಳೆಯದು. ಕೂರುತ್ತಿಲ್ಲ, ಸ್ವಲ್ಪ ಒತ್ತಿ ಕೂರಿಸಿಕೊಡಿ ಎನ್ನುವುದು ಅವರ ಬೇಡಿಕೆ. ಆಪಾ ಎರಡನ್ನೂ ಕಣ್ಣ ಹತ್ತಿರ ಹಿಡಿದು ನೋಡಿದರು. "ಕೀಲಿ ಚೊಲೊ ಐತಿ, ಕೀಲಿಕೈನೂ ಚೊಲೊ ಐತಿ. ಆದರ ಒಂದ ಮನೀ ಕೀಲಿ, ಇನ್ನೊಂದ ಮನೀ ಕೈ. ಒತ್ತಿದ್ರ ಎರಡೂ ಹೋಗತಾವ್ರಿ." ಆ ಗೃಹಸ್ಥರು ವಾದಕ್ಕಿಳಿದರು. ಆಪಾ ಬೋರ್ಡನ್ನು ಅದರ ಡಬ್ಬಿಗೆ ಹಾಕಿ ಅವರ ತೊಡೆಯ ಮೇಲಿಟ್ಟು ತಮ್ಮ ಕೆಲಸಕ್ಕೆ ತಿರುಗಿದರು. ಅಷ್ಟೇ, ಆ ಮನುಷ್ಯ ಹೋಗುವವರೆಗೂ ತಲೆ ಎತ್ತಲಿಲ್ಲ.

ಅವರನ್ನು ಮೃದು ಸ್ವಭಾವದವರು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾಲಿಗೆ ಚುರುಕು, ತಾಳ್ಮೆ ಕಡಿಮೆ, ತಮ್ಮ ಕೈಗುಣದ ಬಗ್ಗೆ ಹೆಮ್ಮೆ ಬೆಟ್ಟದಷ್ಟು. ಕೆಲಸ ಮಾಡುವಾಗ ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಸ್ಕ್ರೂಡ್ರೈವರ್ ಕೆಳಗಿಟ್ಟು ಅವರ ಮಾತು ಮುಗಿಯುವವರೆಗೂ ಕಾಯುತ್ತಿದ್ದರು. ಮಾತಾಡುವವರಿಗೆ ಬೈಗುಳಕ್ಕಿಂತ ಅದು ಕಷ್ಟವಾಗುತ್ತಿತ್ತು. ನಾನು ತೂಕದ ಕಸುಬಿನವಳು. ತುಂಬಿದ ಗಾಡಿಯನ್ನು ಒಮ್ಮೆ, ಖಾಲಿ ಗಾಡಿಯನ್ನು ಒಮ್ಮೆ ತೂಗಿ, ಕಳೆದು ಉಳಿದದ್ದನ್ನು ಮಾಲು ಎನ್ನುತ್ತೇವೆ. ಅವರ ಸಿಟ್ಟು ಸೆಡವುಗಳನ್ನೆಲ್ಲ ಕಳೆದರೂ ಮಾಲು ಬಹಳ ಉಳಿಯುತ್ತದೆ ಎಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ಬೆಳಗಾವಿಯ ಮಹಾಂತೇಶ ನಗರ. ಮದುವೆಯಾಗಿ ಖಾನಾಪುರಕ್ಕೆ ಬಂದೆ. ಊರ ಹೊರಗೆ ರಸ್ತೆಯ ಬದಿಗೆ ಮಾವನವರು ಹಾಕಿಸಿದ ಕಾಟಾ ಇತ್ತು. ಲಾರಿ, ಟ್ರ್ಯಾಕ್ಟರುಗಳನ್ನು ಮಾಲಿನ ಸಮೇತ ನಿಲ್ಲಿಸಿ ತೂಗುವ ಕಬ್ಬಿಣದ ದೊಡ್ಡ ಹಾಸು, ಪಕ್ಕದಲ್ಲೊಂದು ಸಣ್ಣ ಕೋಣೆ. ಮಾವ ತೀರಿಕೊಂಡ ಮೇಲೆ, ನನ್ನ ಗಂಡ ಮಚ್ಛೆ ಊರಿನ ಕಾರಖಾನೆಯ ಕೆಲಸ ಬಿಡಲು ಮನಸ್ಸು ಮಾಡದ್ದರಿಂದ, ಕಾಟಾ ನನ್ನ ಕೈಗೆ ಬಂತು. ಅತ್ತೆ ಹಗಲೆಲ್ಲ ಆ ಕೋಣೆಯ ಬಾಗಿಲಲ್ಲಿ ಕೂತಿರುತ್ತಿದ್ದರು. ಹಣೆಯ ಮೇಲೆ ವಿಭೂತಿ, ಬರಿಗೈ. ಗಂಡ ಹೋದಂದಿನಿಂದ ಬಳೆಗಾರ ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. ಯಾರ ಬಳೆಯನ್ನೂ ಕೈಯಿಂದ ಮುಟ್ಟುತ್ತಿರಲಿಲ್ಲ, ನನ್ನವನ್ನು ಕೂಡ. ಬಸವಣ್ಣನವರನ್ನು ನಂಬಿದ ಮನೆಯಲ್ಲಿ ಇದೆಲ್ಲ ಯಾಕೆ ಎಂದು ಒಮ್ಮೆ ಕೇಳಿದ್ದೆ. "ನಂಬಿಗಿ ಬ್ಯಾರೆ, ಅಂಜಿಕಿ ಬ್ಯಾರೆ" ಎಂದು ಮಾತು ಮುಗಿಸಿದ್ದರು.

ಕಾಟಾದ ಬಂಡವಾಳ ಕಬ್ಬಿಣವಲ್ಲ, ಹೆಸರು. ಕಬ್ಬಿನ ರೈತರು ಕಾರಖಾನೆಗೆ ಹೋಗುವ ಮುಂಚೆ ನಮ್ಮಲ್ಲಿ ತೂಗಿಸಿಕೊಂಡು ಹೋಗುತ್ತಿದ್ದರು, ನಮ್ಮ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡರೆ ಅವರಿಗೆ ಧೈರ್ಯ. ಆ ಹೆಸರು ಒಮ್ಮೆ ಹೋದರೆ ಹಾಸನ್ನು ಗುಜರಿಗೆ ಹಾಕುವುದೇ ದಾರಿ. ಮಾವ ಸಾಯುವಾಗಲೂ ಅತ್ತೆಗೆ ಹೇಳಿದ್ದು ಅದನ್ನೇ ಅಂತೆ: "ಕಾಟಾ ಸುಳ್ಳ ಹೇಳಬಾರದು ನೋಡ."

ಒಂದು ವರ್ಷ ಖಂಡೇಪೂಜೆಯ ದಿನ ಎಲ್ಲ ಆಯುಧಗಳ ಜೊತೆ ಕಂಪ್ಯೂಟರನ್ನೂ ಪೂಜಿಸಿದೆವು. ಪೂಜೆಯ ಹೊತ್ತಿಗೆ ಯಂತ್ರ ಚಾಲೂ ಇರಲೇಬೇಕು ಎಂದು ಅತ್ತೆಯ ಹಟ. ಜೀವ ಇದ್ದಾಗಲೇ ಪೂಜೆ ಎಂದರು. ತಂಬಿಗೆಯ ನೀರನ್ನು ಹೂವಿನಿಂದ ಭಕ್ತಿಪೂರ್ವಕವಾಗಿ ಚಿಮುಕಿಸಿದರು, ಗಾಳಿಯಾಡಲು ತೂತುಗಳಿರುವ ಬದಿಗೇ. ಕುಂಕುಮ ಫ್ಯಾನಿನ ಗಾಳಿಗೆ ತಾನೇ ಒಳಗೆ ಹೋಯಿತು. ಮಂಗಳಾರತಿ ಮುಗಿಯುವ ಮುಂಚೆ ಚಟ್ ಎಂದು ಸದ್ದಾಯಿತು, ಪರದೆ ಕಪ್ಪಾಯಿತು. "ಪೂಜಿ ಮುಟ್ಟಿತು" ಎಂದರು ಅತ್ತೆ.

ಕಬ್ಬಿನ ಹಂಗಾಮು ಶುರುವಾಗುವುದಿತ್ತು. ತವರಿನ ಕಡೆಯವರು ಹೇಳಿದರೆಂದು ಡಬ್ಬಿ ಹೊತ್ತುಕೊಂಡು ಆಪಾ ಅವರ ಅಂಗಡಿಗೆ ಹೋದೆ. ಬಳೆ ತೆಗೆದು ಕೊಂಡಿಗೆ ಹಾಕಿದ್ದು, ನಾನು ಕೈಮುಗಿದದ್ದು ಆ ದಿನವೇ. ಮುಚ್ಚಳ ಬಿಚ್ಚಿ ಒಳಗಿನ ಕೆಂಪು ಹಳದಿಗಳನ್ನು ನೋಡಿ ಕೇಳಿದರು: "ಇದರದು ಮದವಿ ಮಾಡೀರೇನು?"

ಬೋರ್ಡು ಬದುಕುವುದಿಲ್ಲ ಎಂದು ತೀರ್ಪು ಕೊಟ್ಟು ಎಂದಿನ ಪ್ರಶ್ನೆಗಳನ್ನೆಲ್ಲ ಕೇಳಿದರು. ಹಿಂದೆ ಏನು ಜೋತುಬಿದ್ದಿದೆ ಎಂಬಲ್ಲಿ ಸ್ವಲ್ಪ ನಿಂತರು. ಕಾಟಾದಲ್ಲಿ ತೂಕ ತೋರಿಸಲು ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ, ಮುಖದ ಮೇಲೆ ಕೆಂಪು ಅಂಕಿಗಳು ಉರಿಯುತ್ತಿರುತ್ತವೆ. ಅದರಿಂದ ಹಳೆಯ ನಮೂನೆಯ ಅಗಲ ಪ್ಲಗ್ಗಿನ ವಾಯರೊಂದು ಕಂಪ್ಯೂಟರಿಗೆ ಬಂದು ತೂಕವನ್ನು ಒಪ್ಪಿಸುತ್ತದೆ, ಕಂಪ್ಯೂಟರ್ ಅದನ್ನು ಚೀಟಿಯ ಮೇಲೆ ಮುದ್ರಿಸುತ್ತದೆ. ಈಗಿನ ಬೋರ್ಡುಗಳ ಬೆನ್ನಿಗೆ ಆ ಅಗಲ ಪ್ಲಗ್ಗಿಗೆ ಜಾಗವೇ ಇರುವುದಿಲ್ಲ. ಆಪಾ ಹೊಸ ಬೋರ್ಡೊಂದನ್ನು ಗುಲಾಬಿ ಚೀಲದಿಂದ ತೆಗೆದು, ಅಗಲ ಪ್ಲಗ್ಗನ್ನು ಸಣ್ಣ ಪ್ಲಗ್ಗಾಗಿ ಬದಲಿಸುವ ಜೋಡಣೆಯ ತುಂಡೊಂದನ್ನು ಹಾಕಿಕೊಟ್ಟರು. ಇಡೀ ದಿನ ತಮ್ಮಲ್ಲಿಟ್ಟುಕೊಂಡು ಬೇರೊಂದು ಸಣ್ಣ ತಕ್ಕಡಿಗೆ ಸೇರಿಸಿ ನೋಡಿದರು, ಸರಿಯಾಗಿ ನಡೆಯಿತು.

"ಒಮ್ಮೆ ಬಂದು ಕಾಟಾದಾಗ ಹಚ್ಚಿ ನೋಡ್ತೀರೇನ್ರಿ?" ಎಂದೆ.

"ಯಾಕ? ನನ್ನ ಕೈ ಮ್ಯಾಲ ಸಂಶೆ ಐತೇನು, ಕಾಟೇವಾಲಿ?"

ನಾನು ಡಬ್ಬಿ ಹೊತ್ತುಕೊಂಡು ಹೊರಟೆ. ಅಂದಿನಿಂದ ನನ್ನ ಹೆಸರು ಅವರಿಗೆ ಕಾಟೇವಾಲಿ.

ಹಂಗಾಮು ಭರದಲ್ಲಿತ್ತು. ಒಂದು ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯವರೆಗೂ ನಿಂತಿದ್ದವು. ಒಬ್ಬ ಮುದುಕ ರೈತರಿಗೆ ಕಿಟಕಿಯೊಳಗೆ ತಲೆ ತೂರಿಸಿ ಇಣುಕುವ ಅಭ್ಯಾಸ. ಅವರು ಕೆಂಪು ಅಂಕಿಗಳನ್ನು ನೋಡಿದರು, ನಾನು ಕೊಟ್ಟ ಚೀಟಿಯನ್ನೂ ನೋಡಿದರು. ಚೀಟಿಯಲ್ಲಿ ತೂಕ ಕಡಿಮೆ ಇತ್ತು. "ತಿಥಂ ಏಕ, ಹಿಥಂ ಏಕ?" ಎಂದು ಮರಾಠಿಯಲ್ಲಿ ಕೇಳಿದರು. ಅಲ್ಲಿ ಒಂದು, ಇಲ್ಲಿ ಒಂದಾ ಎಂದು. ಮೆಲ್ಲಗೇ ಕೇಳಿದರು. ಆದರೆ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು.

ನಾನು ನೋಡಿದೆ. ಪೆಟ್ಟಿಗೆಯ ಅಂಕಿ ಬೇರೆ, ಪರದೆಯ ಅಂಕಿ ಬೇರೆ. ನೋಡನೋಡುತ್ತಿದ್ದಂತೆ ಪರದೆ ಬದಲಾಗಿ ಎರಡೂ ಒಂದಾದವು. ಅದನ್ನು ಕಂಡು ಜನರಿಗೆ ಇನ್ನಷ್ಟು ಸಂಶಯ. ನೋಡಿದ ಕೂಡಲೇ ಸರಿಯಾಯಿತು, ನೋಡದಿದ್ದರೆ ಆಗುತ್ತಿರಲಿಲ್ಲ, ಅಲ್ಲವೇ? "ಇವರ ಮಾವ ಇದ್ದಾಗ ಹಿಂಗ ಇರಲಿಲ್ಲ" ಎಂದರು ಒಬ್ಬರು. "ಸೊಸಿ ಕೈಯಾಗ ಕಾಟಾ ಕೊಟ್ರ ಮತ್ತೇನಾಗತೈತಿ" ಎಂದರು ಇನ್ನೊಬ್ಬರು. ಬಾಗಿಲಲ್ಲಿ ಕೂತ ಅತ್ತೆ ನನ್ನ ಮುಖವನ್ನಷ್ಟೇ ನೋಡಿದರು. ಆ ನೋಟ ನನಗೆ ಜನರ ಮಾತಿಗಿಂತ ಹೆಚ್ಚು ನಾಟಿತು. ನಾನು ಕಾಟಾ ನಿಲ್ಲಿಸಿ ಆಪಾ ಅವರಿಗೆ ಫೋನು ಮಾಡಿದೆ. ಬೈಯಬೇಕೆಂದೇ ಮಾಡಿದ್ದು. ಅವರು ನನ್ನ ಮಾತನ್ನು ಪೂರ್ತಿ ಕೇಳಿ, "ಯಾರನ್ನೂ ಹೋಗಾಕ ಬಿಡಬ್ಯಾಡ, ಬಂದೆ" ಎಂದರು.

ಬಸ್ಸಿನಲ್ಲಿ ಬಂದರು. ಹಿಂದೆ ಗಂಡ, ಅವರ ಹೆಗಲಿನ ಚೀಲದಲ್ಲಿ ಬಣ್ಣಬಣ್ಣದ ಸಣ್ಣ ಚೀಲಗಳು. ಆಪಾ ಯಾರಿಗೂ ನಮಸ್ಕಾರ ಮಾಡಲಿಲ್ಲ, ಕೋಣೆಗೆ ಬಂದು ನಮ್ಮ ಕಿಟಕಿಯ ಕೊಂಡಿಗೆ ಬಳೆಗಳನ್ನು ಸಿಕ್ಕಿಸಿ ನೆಲದ ಮೇಲೆ ಕೂತರು. ಅತ್ತೆ ಆ ಬರಿಗೈಗಳನ್ನು ನೋಡಿದರು. ಅವರ ಕಣ್ಣಿಗೆ ಬರಿಗೈಗೆ ಇದ್ದದ್ದು ಒಂದೇ ಅರ್ಥ. ಮರುಕದಿಂದ ಪಕ್ಕದಲ್ಲಿ ನಿಂತಿದ್ದ ಚೀಲದ ಮನುಷ್ಯನಿಗೆ ಕೇಳಿದರು: "ಪಾಪ, ಇಕಿ ಗಂಡ ಹೋಗಿ ಎಷ್ಟ ವರ್ಷ ಆತಪ್ಪಾ?"

ಅವರು ಬಹಳ ವಿನಯದಿಂದ ಉತ್ತರ ಕೊಟ್ಟರು: "ನಾನಽ ರೀ ಅವ್ವಾರ, ಇಕಿ ಗಂಡ. ಇನ್ನೂ ಎಲ್ಲಿಗೂ ಹೋಗಿಲ್ಲ."

ಜಗಳಕ್ಕೆ ನಿಂತಿದ್ದ ಟ್ರ್ಯಾಕ್ಟರಿನವರೂ ನಕ್ಕರು. ಅತ್ತೆ ನಗಲಿಲ್ಲ. ಗಂಡ ಎದುರಿಗಿದ್ದೂ ಬಳೆ ತೆಗೆದಿಡುವ ಹೆಂಗಸನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ನನ್ನನ್ನು ಹೊರಗೆ ಕರೆದು, "ಇಂಥಾಕಿ ಕೈಯಾಗ ಕಾಟಾ ಕೊಟ್ಟೀಯಲ್ಲ, ಅದಕ್ಕಽ ಹಿಂಗಾತು" ಎಂದು ಪಿಸುಗುಟ್ಟಿದರು. ಪಿಸುಮಾತು ಒಳಗೂ ಕೇಳಿಸುವಷ್ಟಿತ್ತು.

ಆಪಾ ಕೆಂಪು ಅಂಕಿಯ ಪೆಟ್ಟಿಗೆಯನ್ನು ಮೇಜಿನಿಂದೆತ್ತಿ ಕಿಟಕಿಗೆ ಮುಖಮಾಡಿ ಇಟ್ಟರು. ಆ ಮುದುಕ ರೈತರನ್ನೇ ಕರೆದು, ಗಾಡಿ ಹತ್ತುವಾಗಿನಿಂದ ಅಂಕಿಗಳನ್ನು ಜೋರಾಗಿ ಓದಿ ಎಂದರು. ತಾವು ಪರದೆಯ ಮುಂದೆ ಕೂತರು. ಮುದುಕ ಓದುತ್ತ ಹೋದರು. ಪರದೆ ಅವರ ಹಿಂದೆ ಹಿಂದೆ ಬರುತ್ತಿತ್ತು. ಕೆಲವೊಮ್ಮೆ ಅಂಕಿ ನಿಂತೇ ಬಿಡುತ್ತಿತ್ತು. ಟ್ರೇಲರಿನ ಹಿಂದಿನ ಗಾಲಿ ಇನ್ನೂ ಹಾಸಿನ ಮೇಲೆ ಏರುತ್ತಿದ್ದಾಗಿನ ತೂಕವನ್ನೇ ಹಿಡಿದುಕೊಂಡು ಕೂತು, ಆಮೇಲೆ ತಟ್ಟನೆ ಸರಿಯಾಗುತ್ತಿತ್ತು. ಆ ನಡುವಿನಲ್ಲಿ ಬೆರಳು ಒತ್ತಿದರೆ ಚೀಟಿ ಕಡಿಮೆ ತೂಕದ್ದು. ಕಾಟಾ ಸರಿಯಿತ್ತು, ಪೆಟ್ಟಿಗೆ ಸರಿಯಿತ್ತು, ಬೋರ್ಡೂ ಸರಿಯಿತ್ತು. ನಡುವಿನ ಜೋಡಣೆಯ ತುಂಡು ನಮ್ಮ ಉದ್ದ ವಾಯರಿಗೂ ಹಳೆಯ ಪ್ರೋಗ್ರಾಮಿಗೂ ಹೊಂದದೆ ತಡವರಿಸುತ್ತಿತ್ತು. ಅಂಗಡಿಯ ಸಣ್ಣ ತಕ್ಕಡಿಯಲ್ಲಿ ಗಾಲಿ ಏರುವ ಪ್ರಶ್ನೆಯೇ ಇರಲಿಲ್ಲವಲ್ಲ, ಅಲ್ಲಿ ಅದು ಕಾಣಿಸಿರಲಿಲ್ಲ.

ಆ ಹೆಮ್ಮೆಯ ಹೆಂಗಸು ಏನು ಮಾಡಬಹುದು ಎಂದು ನಾನು ನೋಡುತ್ತಿದ್ದೆ. ವಾಯರಿನ ಮೇಲೆ ಹಾಕಬಹುದಿತ್ತು, ಕರೆಂಟಿನ ಮೇಲೆ ಹಾಕಬಹುದಿತ್ತು, ನಮ್ಮ ಕುಂಕುಮದ ಮೇಲಂತೂ ಸುಲಭವಾಗಿ ಹಾಕಬಹುದಿತ್ತು. ಅವರು ಎದ್ದು ಬಾಗಿಲಿಗೆ ಬಂದು, ಸಾಲಿನ ಕೊನೆಯವರಿಗೂ ಕೇಳುವಂತೆ ಮೊದಲು ಮರಾಠಿಯಲ್ಲಿ ಹೇಳಿದರು: "ಚೂಕ ಮಾಝಿ ಆಹೆ. ಕಾಟ್ಯಾಚಿ ನಾಹಿ." ಆಮೇಲೆ ಕನ್ನಡದಲ್ಲಿ: "ತಪ್ಪ ನಂದು, ಕಾಟಾದ್ದಲ್ಲ. ಈ ಹುಡಿಗೀದೂ ಅಲ್ಲ. ಹೊಸಾದ ಹಚ್ಚಬೇಕಂತ ನಾ ಹಚ್ಚಿದೆ, ಇಲ್ಲಿ ಬಂದ ನೋಡಲಿಲ್ಲ. ಇವತ್ತ ತೂಗಿಸಿದವರು ಎಲ್ಲಾರೂ ಹೊಳ್ಳಿ ತೂಗಿಸ್ರಿ. ಹೋದವರಿಗೂ ಹೇಳಿ ಕಳಸ್ರಿ. ಯಾರರ ಕೇಳಿದ್ರ ನನ್ನ ಅಂಗಡಿ ಎಲ್ಲೈತಿ ಅಂತನೂ ಹೇಳ್ರಿ."

ತಪ್ಪು ನನ್ನದಲ್ಲ ಎನ್ನುವವರ ಜೊತೆ ಜಗಳಾಡಿ ಅಭ್ಯಾಸವಿದ್ದವರಿಗೆ ನನ್ನದೇ ಎಂದವರ ಜೊತೆ ಏನು ಮಾಡಬೇಕೋ ತಿಳಿಯಲಿಲ್ಲ.

ನೀಲಿ ಚೀಲದಿಂದ ಹಳೆಯ ಬೋರ್ಡೊಂದು ಹೊರಬಂತು. ಯಾವುದೋ ಕಚೇರಿಯ ಕಂಪ್ಯೂಟರಿನಿಂದ ಬಿಚ್ಚಿದ್ದು, ಹೊಸದರಷ್ಟು ಚುರುಕಿಲ್ಲ, ಆದರೆ ಬೆನ್ನಿಗೆ ಅಗಲ ಪ್ಲಗ್ಗಿನ ಸ್ವಂತ ಜಾಗವಿತ್ತು. ಜೊತೆಗೆ ಅದರದೇ ಪ್ರೊಸೆಸರ್, ಅದರದೇ ಮೆಮೊರಿ. ಸ್ಕ್ರೂ ತೂತುಗಳಿಗೆ ಅಡಿಯ ಕಂಬಗಳು ಸರಿಯಾಗಿ ಬರುತ್ತವೆಯೇ, ಬೇಡದ ಕಂಬವೊಂದು ಹಲಗೆಯ ಬೆನ್ನಿಗೆ ತಾಗುತ್ತದೆಯೇ ಎಂದು ಬೆರಳಿನಿಂದ ತಡವಿ ನೋಡಿದರು. "ಕುಂತಿದ್ದೆಲ್ಲಾ ಕೂಡೂದಿಲ್ಲ, ತಿಳ್ಕೊ" ಎಂದು ನನಗೆ ಹೇಳಿದರು, ಕೂತದ್ದೆಲ್ಲ ಹೊಂದಿಕೊಳ್ಳುವುದಿಲ್ಲ ಎಂದು. ಆ ಮಾತನ್ನು ಮೊದಲೂ ಕೇಳಿದ್ದೆ. ಅವತ್ತು ಅವರು ತಮಗೂ ಹೇಳಿಕೊಳ್ಳುತ್ತಿದ್ದರು ಎಂದು ನನ್ನ ಭಾವನೆ.

ಮತ್ತೆ ಮುದುಕ ಓದಿದರು. ಈ ಸಲ ಪರದೆ ಅವರ ಬಾಯಿಯ ಜೊತೆಜೊತೆಗೇ ನಡೆಯಿತು. ಸಾಲಿನವರೆಲ್ಲ ತಮ್ಮ ತಮ್ಮ ಗಾಡಿಯ ಅಂಕಿಯನ್ನು ತಾವೇ ಓದಬೇಕೆಂದು ಬಂದರು. ಓದಿದ್ದು, ಪರದೆಯದು ಒಂದೇ ಆದ ಮೇಲೆ ನಾನು ಚೀಟಿ ಒತ್ತಿದೆ. ಆಪಾ ಹೋಗುವಾಗ ಪೆಟ್ಟಿಗೆಯನ್ನು ಕಿಟಕಿಯಿಂದ ತಿರುಗಿಸಿ ಇಡಬೇಡ ಎಂದರು. "ಅವರಽ ಓದ್ಲಿ. ಓದಿದ ಬಾಯಿಗೆ ಸಂಶೆ ಬರೂದಿಲ್ಲ." ಅದು ಹಾಗೇ ಉಳಿಯಿತು. ಇವತ್ತಿಗೂ ನಮ್ಮ ಕಾಟಾದಲ್ಲಿ ಚಾಲಕ ಅಂಕಿಯನ್ನು ಜೋರಾಗಿ ಓದದೆ ಚೀಟಿ ಹೊರಬರುವುದಿಲ್ಲ. ಅಕ್ಷರ ಬಾರದವರೂ ಅಂಕಿ ಓದುತ್ತಾರೆ. ಹೊಸಬರು ಇದೇನು ಪದ್ಧತಿ ಎಂದು ನಗುತ್ತಾರೆ, ಹಳಬರು ಅವರನ್ನು ಸುಮ್ಮನಿರಿಸುತ್ತಾರೆ.

ಅತ್ತೆ ಮಾತ್ರ ಬಳೆಯ ವಿಷಯ ಬಿಟ್ಟಿರಲಿಲ್ಲ. ಚಹಾ ಕೊಡುತ್ತ ನೇರವಾಗಿಯೇ ಕೇಳಿದರು: "ಅಲ್ಲವಾ, ಗಂಡ ಇರಾಗ ಬಳಿ ಯಾಕ ತಗೀತಿ?"

"ಬಳಿ ಮ್ಯಾಲ ನನಗೇನ ಸಿಟ್ಟಿಲ್ಲ, ಅಮ್ಮಾ. ಒಮ್ಮೆ ಬಳಿ ಒಡದು ಚೂರ ಸಾಕೆಟಿನಾಗ ಬಿತ್ತು. ಕೂದಲದಂಥಾ ಪಿನ್ನ ಇರತಾವ, ಬಗ್ಗಿದ್ವು. ಆ ಬೋರ್ಡ ಹೊಳ್ಳಿ ಏಳಲಿಲ್ಲ. ಬಂಗಾರದ್ದು ತಾಗಿದ್ರಂತೂ ಸುಟ್ಟಽ ಹೋಗತೈತಿ. ಕೆಲಸಾ ಮುಗಿದ್ರ ಹಾಕ್ಕೋತೀನಿ."

"ಅಷ್ಟರಾಗ ಅಂವಗ ಏನರ ಆದ್ರ?"

ಆಪಾ ಗಂಡನ ಕಡೆ ನೋಡಿದರು. ಅವರು ಚಹಾದ ಬಸಿಯ ತುಂಬ ಅವಲಕ್ಕಿ ಹಾಕಿಕೊಂಡು ತಿನ್ನುತ್ತಿದ್ದರು. "ಬಾಜೂನಽ ಕುಂತಾನಲ್ಲ. ಆದ್ರ ಮೊದಲ ನನಗಽ ಗೊತ್ತಾಗತೈತಿ."

ಅತ್ತೆಗೆ ಒಪ್ಪಿಗೆಯಾಗಲಿಲ್ಲ. ಆದರೆ ಆ ದಿನ ಮನೆತನದ ಹೆಸರು ಉಳಿಸಿದ ಬಾಯಿ ಅದೇ ಎಂಬುದೂ ಅವರಿಗೆ ಗೊತ್ತಿತ್ತು. ಹೊರಡುವಾಗ ನಮ್ಮ ಹೊಲದ ಗೆಣಸನ್ನು ಚೀಲದ ತುಂಬ ಕೊಟ್ಟರು. ಅಲ್ಲಿಂದ ಪ್ರತಿ ವರ್ಷ ಗೆಣಸಿನ ಕಾಲಕ್ಕೆ ಒಂದು ಚೀಲ ಬೆಳಗಾವಿಗೆ ಹೋಗುತ್ತಿತ್ತು, ರಂಜಾನ್ ಹಬ್ಬಕ್ಕೆ ಅಲ್ಲಿಂದ ಸುರಕುಂಬಾ ಬರುತ್ತಿತ್ತು. ಮೊದಲ ವರ್ಷ ಅತ್ತೆ ಅದನ್ನು ಬೇರೆಯವರಿಗೆ ಹಂಚಿದರು. ಮರುವರ್ಷ ಬರೀ ಹಾಲು ಶ್ಯಾವಿಗೆ ತಾನೇ ಎಂದು ಒಂದು ಬಟ್ಟಲು ಕುಡಿದರು. ಆಮೇಲೆ ಹಬ್ಬ ಯಾವಾಗ ಎಂದು ಕ್ಯಾಲೆಂಡರ್ ನೋಡುವವರು ಅವರೇ ಆದರು. ಕುಂಕುಮವನ್ನು ಈಗ ಕಂಪ್ಯೂಟರಿನ ಮೇಜಿನ ಕಾಲಿಗೆ ಹಚ್ಚುತ್ತೇವೆ.

ಕಳೆದ ವರ್ಷ ಆಪಾ ಹಾಸಿಗೆ ಹಿಡಿದರು ಎಂದು ಕೇಳಿ ಹೋದೆ. ಮಂಚ ಅಂಗಡಿಯ ಕೋಣೆಯಲ್ಲೇ ಇತ್ತು, ಕಿಟಕಿಯ ಕೆಳಗೆ. ಕೈ ಬಹಳ ಸಣ್ಣಗಾಗಿತ್ತು. ಎತ್ತಿದರೆ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು, ಇಳಿಸಿದರೆ ಉದುರುತ್ತಿದ್ದವು. "ಈಗ ತಗ್ಯಾಕ ತ್ರಾಸಽ ಇಲ್ಲ ನೋಡ" ಎಂದು ನಕ್ಕರು. ನನ್ನ ಯೋಗಕ್ಷೇಮ ಕೇಳಲಿಲ್ಲ. ಕೇಳಿದ್ದು, "ಬೋರ್ಡ ಹೆಂಗೈತಿ?"

ನಡೆಯುತ್ತಿದೆ ಎಂದೆ.

"ವಯಸ್ಸಾಗೈತಿ ಅದಕ. ನನಗಿಂತ ಒಂದೆರಡ ಹಂಗಾಮ ಹೆಚ್ಚಿಗಿ ಬಾಳೀತು, ಅಷ್ಟಽ. ಕೇಳ ಇಲ್ಲೆ." ಮುಂದಿನ ಬೋರ್ಡನ್ನು ಹೇಗೆ ಆರಿಸಬೇಕು ಎಂದು ನಿಧಾನವಾಗಿ ಹೇಳಿದರು. ಕೆಲವು ಹೊಸ ಬೋರ್ಡುಗಳ ಬೆನ್ನಿಗೆ ಅಗಲ ಪ್ಲಗ್ಗಿನ ಜಾಗವಿಲ್ಲದಿದ್ದರೂ ಒಳಗೆ, ಹಲಗೆಯ ಅಂಚಿನಲ್ಲಿ, ಅದೇ ಕೆಲಸದ ಪಿನ್ನುಗಳ ಗುಂಪು ಇರುತ್ತದೆ. ಅಲ್ಲಿಂದ ಪಟ್ಟಿಯಂಥ ವಾಯರು ಎಳೆದು ಹೊರಗೆ ಜಾಗ ಮಾಡಿಕೊಳ್ಳಬಹುದು. "ಬಾಗಲಾ ಇಲ್ಲಂದ್ರ ಕಿಡಕಿ ಇರತೈತಿ. ಆದರ ಆ ಪಟ್ಟಿ ಎರಡ ಜಾತಿ. ನೋಡಾಕ ಒಂದಽ, ಎರಡೂ ಕುಂದರತಾವ, ಕೂಡೂದು ಒಂದಽ. ಎರಡೂ ತಗೊಂಡ ಹೋಗು. ಕಾಟಾದಾಗಽ ಹಚ್ಚಿ ನೋಡು, ಅಂಗಡ್ಯಾಗ ಅಲ್ಲ." ಆಮೇಲೆ, "ನನ್ನಂಗ ಮಾಡಬ್ಯಾಡ" ಎಂದರು. ಆ ತಪ್ಪು ಅವರನ್ನು ಬಿಟ್ಟಿರಲಿಲ್ಲ. ನಾವು ಅದನ್ನು ಎಂದೋ ಮರೆತಿದ್ದೆವು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಯಾಕೆಂದರೆ ಮರೆತಿರಲಿಲ್ಲ. ಅದೇ ನಮ್ಮನ್ನು ಉಳಿಸಿದ್ದು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಗಂಡ ಫೋನು ಮಾಡಿ ಸುದ್ದಿ ಹೇಳಿದರು. ಆ ಮೃದು ಮನುಷ್ಯ ಒಂದೇ ವಾಕ್ಯ ಹೇಳಿ ಇಟ್ಟುಬಿಟ್ಟರು. ನಾನು ಕೋಣೆಯಿಂದ ಹೊರಗೆ ಬಂದು ಅತ್ತೆಗೆ ತಿಳಿಸಿದೆ. ಅವರು ರಸ್ತೆಯತ್ತ ನೋಡುತ್ತ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: "ಜಲ್ಮಾ ಎಲ್ಲಾ ಬಳಿ ತಗದ ತಗದ ಇಟ್ಟಳು. ಮುತ್ತೈದಿ ಆಗೇ ಹೋದಳಲ್ಲ." ಇನ್ನೇನೋ ಹೇಳಲು ಬಾಯಿ ತೆರೆದವರು ತಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಅವರು ಒಂದು ದಿನವೂ ಬಳೆ ತೆಗೆದಿಟ್ಟವರಲ್ಲ, ಮಾವ ಇರುವ ತನಕ.

ಈ ಹಂಗಾಮಿನ ನಡುವೆ ನಮ್ಮ ಬೋರ್ಡು ನಿಂತಿತು. ಆಪಾ ಅವರ ಲೆಕ್ಕ ತಪ್ಪಿರಲಿಲ್ಲ. ಬೆಳಗಾವಿಗೆ ಹೋಗಿ ಒಂದು ದೊಡ್ಡ ಅಂಗಡಿಯಲ್ಲಿ ಕೂತು ಅವರ ಪ್ರಶ್ನೆಗಳನ್ನೆಲ್ಲ ನಾನು ಕೇಳಿದೆ. ಸಾಕೆಟ್ ಯಾವುದು, ಮೆಮೊರಿಯ ಕಚ್ಚು ಎಲ್ಲಿದೆ, ಸಣ್ಣ ಪ್ಲಗ್ಗು ಬೇಕೋ, ಒಳಗೆ ಆ ಪಿನ್ನುಗಳ ಗುಂಪು ಇದೆಯೋ. ಅಂಗಡಿಯವರು ಬೇಸತ್ತು ಬೋರ್ಡಿನ ಚಿತ್ರವನ್ನೇ ನನ್ನ ಮುಂದೆ ಹಿಡಿದರು. ಎರಡು ಜಾತಿಯ ಪಟ್ಟಿಯನ್ನೂ ಕೊಡಿ ಎಂದಾಗ, "ಎರಡೂ ಒಂದಽ ಅಲ್ರಿ ಅಕ್ಕಾರ" ಎಂದರು. ಎರಡೂ ಬೇಕು ಎಂದೆ.

ಹೊರಗೆ ಟ್ರ್ಯಾಕ್ಟರುಗಳು ಕಾಯುತ್ತಿದ್ದವು. ಡಬ್ಬಿಯನ್ನು ನೆಲದ ಮೇಲೆ ಮಲಗಿಸಿ ಮುಚ್ಚಳ ತೆಗೆದೆ. ಕೈ ಒಳಗೆ ಹಾಕುವುದರಲ್ಲಿದ್ದೆ. ಬಾಗಿಲಿನಿಂದ ಅತ್ತೆಯ ದನಿ ಬಂತು.

"ಏ, ಮೊದಲ ಬಳಿ ತಗಿ."

ತಿರುಗಿ ನೋಡಿದೆ. ಅತ್ತೆ ಎದ್ದು ನನ್ನ ಹತ್ತಿರ ಬಂದಿದ್ದರು. ನಾನು ಬಳೆಗಳನ್ನು ಇಳಿಸಿ ಕಿಟಕಿಯ ಕೊಂಡಿಯ ಕಡೆಗೆ ಕೈ ಚಾಚಿದೆ. ಅವರು ನಡುವೆ ಅಂಗೈ ಒಡ್ಡಿದರು. "ಕೊಡ ಇಲ್ಲೆ. ಅಲ್ಲಿ ಗಾಳಿಗಿ ಬಿದ್ದ ಒಡದಾವು." ಯಾರ ಬಳೆಯನ್ನೂ ಮುಟ್ಟದ ಕೈ ಅದು, ನಾನು ಹಿಂಜರಿದೆ. "ಕೊಡಂದ್ರ ಕೊಡ. ನೀ ಕೊಂಡಿ ಹಿಡದ ನಿಂದ್ರು, ಅಕಿ ನಿಂತಂಗ."

ಕೊಂಡಿ ಹಿಡಿದು ನಿಂತೆ. ಆಮೇಲೆ ಕೂತು ಬೋರ್ಡನ್ನು ಕೂರಿಸಿದೆ, ಅಡಿಯ ಕಂಬಗಳನ್ನು ತಡವಿ ನೋಡಿದೆ. ಮೊದಲ ಪಟ್ಟಿ ಸರಾಗವಾಗಿ ಕೂತಿತು, ಪರದೆಯ ಮೇಲೆ ತೂಕದ ಅಂಕಿ ಬರಲಿಲ್ಲ. ತೆಗೆದು ಎರಡನೆಯದನ್ನು ಹಾಕಿದೆ. ಅದೂ ಅಷ್ಟೇ ಸರಾಗವಾಗಿ ಕೂತಿತು. ಪರದೆಯ ಮೇಲೆ ಸೊನ್ನೆ ಬಂತು. ಮೊದಲ ಟ್ರ್ಯಾಕ್ಟರು ಹಾಸಿನ ಮೇಲೆ ಏರತೊಡಗಿತು. ಸಾಲಿನಲ್ಲಿದ್ದ ಮತ್ತೊಬ್ಬ ಚಾಲಕ ಕಿಟಕಿಗೆ ಬಂದು ಕೆಂಪು ಅಂಕಿಗಳನ್ನು ಗಟ್ಟಿಯಾಗಿ ಓದತೊಡಗಿದ. ಹಿಂದಿನ ಗಾಲಿ ಏರುವವರೆಗೂ, ಏರಿ ನಿಲ್ಲುವವರೆಗೂ ಓದಿದ. ಪರದೆ ಒಂದು ಅಂಕಿಯನ್ನೂ ಹಿಂದೆ ಬಿಡಲಿಲ್ಲ.

ಚೀಟಿ ಕೊಟ್ಟು ಬಳೆಗಳಿಗಾಗಿ ಅತ್ತೆಯತ್ತ ಕೈ ಚಾಚಿದೆ. ಅವರು ಬಳೆಗಳನ್ನು ನನ್ನ ಅಂಗೈಗೆ ಹಾಕಲಿಲ್ಲ. ನನ್ನ ಬೆರಳುಗಳನ್ನು ಕೂಡಿಸಿ ಹಿಡಿದು, ಒಂದೊಂದಾಗಿ ತಾವೇ ಏರಿಸಿದರು.